ನೊಖ್ ಡಬ್ಬಿ

ನಮ್ಮ ಮನೆಯಲ್ಲಿ ಬಾಯಿ ಬಿಡುವ ಮೊದಲು ಅಪ್ಪನ ಕಿವಿಯ ಮೇಲೆ ಪೆನ್ಸಿಲ್ ಇದೆಯೇ ಎಂದು ನೋಡಿಕೊಳ್ಳಬೇಕಾಗಿತ್ತು. ಕಿವಿಯ ಮೇಲಿದ್ದರೆ ಪರವಾಗಿಲ್ಲ, ಏನು ಬೇಕಾದರೂ ಆಡಬಹುದು. ಅದು ಕೈಗೆ ಇಳಿಯಿತೋ, ನೀವು ಆಡಿದ್ದು ಒಂದು ಕಾರ್ಡಿನ ಮೇಲೆ ಹೋಗಿ ಕೂತಿತು ಎಂದೇ ಅರ್ಥ, ಯಾರು ಆಡಿದ್ದು, ಎಲ್ಲಿ ಆಡಿದ್ದು ಎಂಬ ಷರಾ ಸಮೇತ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ಅಮ್ಮ ಸ್ಕೂಲಿನ ಮಕ್ಕಳಿಗೆ ಕಲಿಸಿದ್ದ ಗಾದೆ ನಮ್ಮ ಮನೆಯ ಮಟ್ಟಿಗೆ ಸುಳ್ಳು. ನಮ್ಮಲ್ಲಿ ಆಡಿದ ಮಾತು ಎಲ್ಲಿಗೂ ಹೋಗುತ್ತಿರಲಿಲ್ಲ. ಬಿಸ್ಕತ್ತಿನ ತಗಡಿನ ಡಬ್ಬಿಗಳಲ್ಲಿ, ಅಕ್ಷರದ ಅನುಕ್ರಮದಲ್ಲಿ, ಇರುವೆಪುಡಿ ಹಾಕಿಸಿಕೊಂಡು ಅಟ್ಟದ ಮೇಲೆ ಕೂತಿರುತ್ತಿತ್ತು. ಈಗ ಆ ಡಬ್ಬಿಗಳನ್ನು ಇಳಿಸಿ, ಒರೆಸಿ, ಕಾರ್ಡು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಒರೆಸಿ ಒರೆಸಿ ಸಾಕಾಗಿದೆ. ಕೈ ಸೋತಾಗ ಕೂತು ಇದನ್ನು ಬರೆಯುತ್ತಿದ್ದೇನೆ.

ಅಪ್ಪ ಕೇಂದ್ರ ಸರ್ಕಾರದ ಸಂಸ್ಥೆಯೊಂದರಲ್ಲಿ ಜರ್ಮನ್ ಅನುವಾದಕರಾಗಿದ್ದರು. ಅಂಥದ್ದೊಂದು ಹುದ್ದೆ ಇತ್ತು ಎಂದರೆ ನನ್ನ ಮಕ್ಕಳು ನಂಬುವುದಿಲ್ಲ. ಆಗ ಯಂತ್ರಗಳು ಜರ್ಮನಿಯಿಂದ ಬರುತ್ತಿದ್ದವು, ಅವುಗಳ ಜೊತೆಗೆ ಇಟ್ಟಿಗೆ ದಪ್ಪದ ಪುಸ್ತಕಗಳೂ ಬರುತ್ತಿದ್ದವು. ಅವನ್ನು ಇಂಗ್ಲಿಷಿಗೆ ತಿರುಗಿಸಿ, ಟೈಪು ಮಾಡಿಸಿ, ಎಂಜಿನಿಯರುಗಳ ಮೇಜಿಗೆ ಮುಟ್ಟಿಸುವುದು ಅಪ್ಪನ ಕೆಲಸ. ಅರ್ಧಕ್ಕರ್ಧ ಪುಸ್ತಕಗಳು ಪೂರ್ವ ಜರ್ಮನಿಯವು. ಆ ದೇಶವೇ ಭೂಪಟದಿಂದ ಹೋದ ಮೇಲೂ ಅದರ ಲೇತ್ ಮೆಷೀನಿಗೆ ಎಣ್ಣೆ ಬಿಡುವ ವಿಧಾನವನ್ನು ಅಪ್ಪ ಕೇರಳದಲ್ಲಿ, ಕೊಚ್ಚಿಯ ಪಕ್ಕದ ಕಳಮಶ್ಶೇರಿಯಲ್ಲಿ ಕೂತು ಅನುವಾದ ಮಾಡುತ್ತಿದ್ದರು. ಜರ್ಮನ್ ಕಲಿತದ್ದು ಮದುವೆಗೆ ಮುಂಚೆ, ಮೈಸೂರಿನ ಒಂದು ಸಂಜೆ ತರಗತಿಯಲ್ಲಿ. ಜರ್ಮನಿಯನ್ನು ಅವರು ಕಡೆಯವರೆಗೂ ನೋಡಲಿಲ್ಲ. ಮನೆಗೆ ಬಂದರೆ ಇನ್ನೊಂದು ಕೆಲಸ, ಯಾರೂ ಹೇಳದ ಕೆಲಸ: ಜರ್ಮನ್–ಕನ್ನಡ ನಿಘಂಟು. ಗ್ರಂಥಾಲಯದವರು ಎಸೆಯುತ್ತಿದ್ದ ಹಳೆಯ ಕ್ಯಾಟಲಾಗ್ ಕಾರ್ಡುಗಳನ್ನು ಕೇಳಿ ತಂದು, ಅವುಗಳ ಖಾಲಿ ಬೆನ್ನಿನ ಮೇಲೆ ಬರೆಯುತ್ತಿದ್ದರು. ಇದನ್ನು ಯಾರು ಓದುತ್ತಾರೆ ಎಂದು ಅಮ್ಮ ಕೇಳಿದರೆ ಬೇಕಾದವರು ಓದುತ್ತಾರೆ ಎನ್ನುತ್ತಿದ್ದರು. ಆ ಬೇಕಾದವರು ಯಾರು ಎಂದು ನಮಗೆ ಕೊನೆಗೂ ತಿಳಿಯಲಿಲ್ಲ.

ನಿಘಂಟಿಗೆ ಒಂದು ನಿಯಮವಿತ್ತು. ಉದಾಹರಣೆಗೆ ವಾಕ್ಯ ಕಟ್ಟಕೂಡದು. ಯಾರಾದರೂ ನಿಜವಾಗಿ ಬಾಯಿಬಿಟ್ಟು ಆಡಿದ್ದನ್ನೇ, ಆಡಿದ ಹಾಗೆಯೇ ಬರೆಯಬೇಕು. ಕಟ್ಟಿದ ವಾಕ್ಯಕ್ಕೆ ಉಸಿರಿರುವುದಿಲ್ಲ ಎನ್ನುವುದು ಅಪ್ಪನ ಸಿದ್ಧಾಂತ. ಈ ವಿಷಯದಲ್ಲಿ ಅವರು ಮಡಿವಂತರು, ಒಂದೇ ಒಂದು ಸುಳ್ಳು ವಾಕ್ಯವನ್ನೂ ಬರೆದವರಲ್ಲ. ಆದರೆ ಕೇರಳದಲ್ಲಿ ಕನ್ನಡ ಆಡುವವರನ್ನು ಎಲ್ಲಿಂದ ತರುವುದು? ಇದ್ದವರು ಮೂರು ಜನ. ಅಮ್ಮ ಸರೋಜ, ಕಾರ್ಡಿನಲ್ಲಿ ‘ಸ’. ಮಗಳಾದ ನಾನು ‘ಮ’, ಅದೂ ಅರ್ಧ, ಏಕೆಂದರೆ ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದೆ. ಮತ್ತೆ ಅಪ್ಪ ಸ್ವತಃ, ‘ನಾ’. ಅಪ್ಪ ಹೆಚ್ಚು ಮಾತಾಡುವವರಲ್ಲ, ಹಾಗಾಗಿ ‘ನಾ’ ಇರುವ ಕಾರ್ಡುಗಳು ಅಪರೂಪ. ಒಟ್ಟಿನಲ್ಲಿ ಆ ಮಹಾ ನಿಘಂಟಿನ ಕನ್ನಡ ಎಂದರೆ ನಮ್ಮಮ್ಮ ಅಡುಗೆಮನೆಯಲ್ಲಿ ಆಡಿದ ಕನ್ನಡ.

ಅಮ್ಮ ಬರೀ ಅಡುಗೆಮನೆಯವಳಾಗಿರಲಿಲ್ಲ, ಅದನ್ನು ಹೇಳಲೇಬೇಕು. ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದಳು. ಅಪ್ಪನಿಗೆ ಕೊಚ್ಚಿಗೆ ವರ್ಗವಾದಾಗ ಸ್ಕೂಲಿನವರು ಅವಳಿಗೆ ಐದು ವರ್ಷ ಸಂಬಳವಿಲ್ಲದ ರಜೆ ಕೊಟ್ಟರು. ಐದು ವರ್ಷದೊಳಗೆ ಬಂದರೆ ಕುರ್ಚಿ ನಿಮ್ಮದು, ಆಮೇಲೆ ನಮ್ಮ ಕೈಯಲ್ಲಿಲ್ಲ ಎಂದು ಹೆಡ್‌ಮಾಸ್ತರರು ಹೇಳಿದ್ದರಂತೆ. ಅಷ್ಟರಲ್ಲಿ ಮೈಸೂರಿಗೆ ವಾಪಸು ಹಾಕಿಸಿಕೊಳ್ಳುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದರು. ಆ ಮಾತಿನ ಮೇಲೆ ಅಮ್ಮ ಹೊರಟು ಬಂದಳು. ಬರುವಾಗ ತನ್ನ ಸ್ಕೂಲಿನ ಸೀರೆಗಳನ್ನೆಲ್ಲ, ಗಂಜಿ ಹಾಕಿದ ಹನ್ನೊಂದು ಕಾಟನ್ ಸೀರೆ, ಒಂದು ಟ್ರಂಕಿನಲ್ಲಿ ತಂದಳು. ಅವನ್ನು ಇಲ್ಲಿ ಒಂದು ದಿನವೂ ಉಡಲಿಲ್ಲ. ವರ್ಷಕ್ಕೆರಡು ಸಲ ಬಿಸಿಲಿಗೆ ಹಾಕಿ, ಹೊಸದಾಗಿ ಗಂಜಿ ಹಾಕಿ, ಮಡಿಸಿ ಇಡುತ್ತಿದ್ದಳು. ಮಡಿಕೆಯಲ್ಲಿ ಸೀಮೆಸುಣ್ಣದ ವಾಸನೆ ಇದೆ ಎಂದು ನನ್ನ ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ನನಗೆ ನುಸಿಗುಳಿಗೆಯ ವಾಸನೆ ಮಾತ್ರ ಬರುತ್ತಿತ್ತು, ಆದರೂ ಹೌದು ಎನ್ನುತ್ತಿದ್ದೆ.

ಮೊದಲ ಎರಡು ವರ್ಷ ಕೊಚ್ಚಿಯ ಹತ್ತಿರದ ತ್ರಿಪ್ಪುಣಿತ್ತುರದಲ್ಲಿದ್ದೆವು. ಎರಡು ಕೋಣೆ, ಕೆಂಪು ಆಕ್ಸೈಡ್ ನೆಲ, ಬಾವಿಯ ಪಕ್ಕಕ್ಕೆ ತೆರೆಯುವ ಅಡುಗೆಮನೆ. ಅಪ್ಪ ಬೆಳಿಗ್ಗೆ ಬಸ್ಸು ಹಿಡಿದು ಕಳಮಶ್ಶೇರಿಗೆ ಹೋದರೆ ಸಂಜೆಯೇ ಬರುವುದು. ಅಮ್ಮನಿಗೆ ಮಾತಾಡಲು ಯಾರೂ ಇರಲಿಲ್ಲ. ಮಲಯಾಳ ಬರದು, ಅಕ್ಕಪಕ್ಕದವರ ಇಂಗ್ಲಿಷ್ ಇವಳಿಗೆ ತಿಳಿಯದು, ಇವಳ ಇಂಗ್ಲಿಷ್ ಅವರಿಗೆ ತಿಳಿಯದು. ಇಡೀ ದಿನ ಬಾಯಿ ಮುಚ್ಚಿಕೊಂಡಿದ್ದವಳು ಸಂಜೆ ಅಪ್ಪ ಚಪ್ಪಲಿ ಬಿಡುವ ಮುಂಚೆಯೇ ಶುರು ಮಾಡುತ್ತಿದ್ದಳು, ಮೀನು ಮಾರುವವನ ಕೂಗಿನಿಂದ ಹಿಡಿದು ಕುಸುಬಲಕ್ಕಿಯ ಅನ್ನದವರೆಗೆ. ಅಪ್ಪ ಎದುರಿಗೆ ಕೂತು ಕೇಳುತ್ತಿದ್ದರು, ಅಷ್ಟು ಗಮನವಿಟ್ಟು ಹೆಂಡತಿಯ ಮಾತು ಕೇಳುವ ಗಂಡನನ್ನು ನಾನು ಬೇರೆಲ್ಲೂ ಕಂಡಿಲ್ಲ. ಪಾಪ, ಮೊದಮೊದಲು ಅಮ್ಮ ಅದನ್ನು ಪ್ರೀತಿ ಎಂದುಕೊಂಡಿದ್ದಳು. ಆಮೇಲೆ ಪೆನ್ಸಿಲ್ ಕಣ್ಣಿಗೆ ಬಿತ್ತು. ಒಂದು ಸಂಜೆ ಅವಳು, ತನ್ನ ತಮ್ಮನ ಮದುವೆಗೆ ಹೋಗಲು ರಜೆ ಸಿಗಲಿಲ್ಲವೆಂದು ಅಪ್ಪ ಹೇಳಿದಾಗ, ಸೌಟು ಹಿಡಿದುಕೊಂಡೇ ಅತ್ತಳು. ಅಳುತ್ತಾ ಏನೋ ಹೇಳಿದಳು. ಅಪ್ಪನ ಕೈ ತನ್ನಷ್ಟಕ್ಕೆ ಕಿವಿಯ ಕಡೆ ಹೋಯಿತು. ಅಮ್ಮನ ಅಳು ಥಟ್ಟನೆ ನಿಂತಿತು.

“ನಾನು ಅಳ್ತಾ ಇದ್ರೂ ನಿಮಗೆ ವಾಕ್ಯ ಬೇಕಲ್ರೀ. ಬರ್ಕೊಳ್ಳಿ. ಪೂರ್ತಿ ಬರ್ಕೊಳ್ಳಿ.”

ಅಪ್ಪ ಪೆನ್ಸಿಲನ್ನು ಮತ್ತೆ ಕಿವಿಯ ಮೇಲಿಟ್ಟರು. ಆದರೆ ಆ ವಾಕ್ಯ ಡಬ್ಬಿಯಲ್ಲಿದೆ, ಮೊನ್ನೆ ನನ್ನ ಕೈಗೆ ಸಿಕ್ಕಿತು. ಬಹುಶಃ ಬಚ್ಚಲಿಗೆ ಹೋಗಿ ಬರೆದುಕೊಂಡರೋ ಏನೋ. ಅವತ್ತಿನಿಂದ ಅಮ್ಮ ಅಳುವುದಿದ್ದರೆ ಅಪ್ಪ ಮನೆಯಲ್ಲಿಲ್ಲದಾಗ ಅತ್ತಳು.

ಮೂರನೆಯ ವರ್ಷ ಅಪ್ಪನನ್ನು ತಿರುವನಂತಪುರಕ್ಕೆ ಹಾಕಿದರು. ಮೈಸೂರಿನ ಕಡೆಗೆ ಬರುವ ಬದಲು ಇನ್ನೂ ಕೆಳಕ್ಕೆ ಇಳಿದೆವಲ್ಲ ಎಂದು ಅಮ್ಮ ರೈಲಿನಲ್ಲಿ ಒಂದೇ ಸಲ ಹೇಳಿದಳು. ಅಪ್ಪನಿಗೋ ಸ್ವರ್ಗ ಮೂರೇ ಗೇಣು, ಏಕೆಂದರೆ ಅಲ್ಲಿಯ ಗ್ರಂಥಾಲಯದಲ್ಲಿ ಹಲವು ಸಂಪುಟಗಳ ಒಂದು ದೊಡ್ಡ ಜರ್ಮನ್ ಕೋಶವಿತ್ತು, ಅದನ್ನು ಮುಟ್ಟುವವರು ಇವರೊಬ್ಬರೇ. ಶ್ರೀಕಾರ್ಯಂನಲ್ಲಿ ಒಂದು ಮನೆಯ ಮಹಡಿ ಸಿಕ್ಕಿತು. ಕೆಳಗೆ ಮನೆಯೊಡತಿ ಸಾವಿತ್ರಿ ಚೇಚಿ, ಚೇಚಿ ಎಂದರೆ ಅಲ್ಲಿಯವರಿಗೆ ಅಕ್ಕ, ಒಂಟಿ ಹೆಂಗಸು, ಯಾವ ಕಷ್ಟಕ್ಕೂ ‘ಸಾರಮಿಲ್ಲ’ ಎನ್ನುವವಳು, ಅಂದರೆ ಏನೂ ಆಗಲ್ಲ ಬಿಡು ಎಂದು. ನನ್ನನ್ನು ‘ಮೋಳೇ’, ಮಗಳೇ, ಎಂದು ಕರೆದು ಪುಟ್ಟು, ಕಡಲೆ ತಿನ್ನಿಸುತ್ತಿದ್ದಳು. ಅವಳ ಹಿಂದೆ ಸುತ್ತಿ ಸುತ್ತಿಯೇ ನನ್ನ ನಾಲಗೆ ಪೂರ್ತಿ ಮಲಯಾಳವಾಯಿತು. ಕನಸು ಕೂಡ ಅದರಲ್ಲೇ ಬೀಳುತ್ತಿತ್ತು. ಅಮ್ಮ ‘ಊಟಕ್ಕೆ ಬಾ’ ಎಂದರೆ ನಾನು ‘ವರುನ್ನು’ ಎನ್ನುತ್ತಿದ್ದೆ, ಬರ್ತೀನಿ ಎನ್ನುವುದು ಬಾಯಿಗೆ ಬರುತ್ತಿರಲಿಲ್ಲ.

ಆ ಮನೆಯಲ್ಲಿ ಅಪ್ಪ ‘ನೊಖ್’ ಎಂಬ ಪದದ ಹತ್ತಿರ ಬಂದು ನಿಂತರು. ನೊಖ್ ಎನ್ನುವಾಗ ಕೊನೆಯಲ್ಲಿ ಸ್ವಲ್ಪ ಗಂಟಲು ಕೆರೆಯಬೇಕು, ಒಣ ಅವಲಕ್ಕಿ ಸಿಕ್ಕಿಕೊಂಡಂತೆ. ಪುಟ್ಟ ಪದ, ಜರ್ಮನಿಯವರು ದಿನಕ್ಕೆ ನೂರು ಸಲ ಆಡುವ ಪದ. ‘ಇನ್ನೂ’ ಎಂದು ಬರೆದು ಮುಗಿಸಬಹುದಿತ್ತು. ಅಪ್ಪನೂ ಮೊದಲು ಹಾಗೇ ಅಂದುಕೊಂಡರು. ‘ಮಗು ಇನ್ನೂ ಮಲಗಿದೆ’, ಒಂದು ಕಾರ್ಡು. ಅದರ ಪಕ್ಕಕ್ಕೆ ‘ಇಲ್ಲ’ ಬಂದು ಸೇರಿದರೆ ‘ಗ್ಯಾಸ್ ಇನ್ನೂ ಬಂದಿಲ್ಲ’, ಇದು ಎರಡನೆಯದು. ‘ಇನ್ನೊಂದು ದೋಸೆ ಹಾಕ್ಲಾ’ ಎಂದು ಅಮ್ಮ ಕೇಳಿದಾಗಲೂ ಜರ್ಮನಿಯವನು ನೊಖ್ ಎಂದೇ ಕೇಳುತ್ತಾನೆ. ‘ಇನ್ನೊಂದ್ಸಲ ಓದು’ ಎಂದು ಅವಳು ನನಗೆ ಹೇಳುವಾಗಲೂ ಅದೇ. ‘ಇವತ್ತೇ, ಸಂಜೆಯೊಳಗೇ ಆ ನಲ್ಲಿ ರಿಪೇರಿಯಾಗ್ಬೇಕು’ ಎಂದು ಗಡುವು ಹಾಕಿದಾಗ ಆ ‘ಇವತ್ತೇ’ ಎಂಬುದರ ಏಕಾರದೊಳಗೂ ನೊಖ್. ಸಂಖ್ಯೆ ಬೆಳೆಯುತ್ತಾ ಹೋಯಿತು. ಗೊತ್ತಿದ್ದ ಹೆಸರು ಮರೆತು ‘ಅದೇನಪ್ಪಾ ಅದರ ಹೆಸರು’ ಎಂದು ತಡಕಾಡುವಾಗ ಕೂಡ ಅವರು ಆ ಪದ ಸೇರಿಸುತ್ತಾರೆಂದು ಆ ದೊಡ್ಡ ಕೋಶದಲ್ಲಿ ಓದಿಕೊಂಡು ಬಂದರು ಅಪ್ಪ. ಇದಕ್ಕೆ ಕನ್ನಡದ ವಾಕ್ಯ ಸಿಗದೆ ವಾರಗಟ್ಟಲೆ ಕಾದರು.

ಅದು ಸಿಕ್ಕಿದ ದಿನ ನನಗೆ ನೆನಪಿದೆ. ಅಮ್ಮ ಚೇಚಿ ಕೊಟ್ಟ ಪಯರ್ ಹೆಚ್ಚುತ್ತಾ ಕೂತಿದ್ದಳು. ಹೆಚ್ಚುತ್ತಿದ್ದವಳು ನಿಲ್ಲಿಸಿ, ಉದ್ದನೆಯ ಒಂದು ಕಾಯಿಯನ್ನು ಎತ್ತಿ ಹಿಡಿದು ನೋಡಿದಳು.

“ಅದೇನ್ರೀ ಇದರ ಹೆಸರು? ನಾವೇನಂತೀವಿ ಇದಕ್ಕೆ?”

ಅಪ್ಪನ ಮುಖ ಅರಳಿತು, ಪೆನ್ಸಿಲ್ ಕೆಳಗಿಳಿಯಿತು. ಅವರು ಬರೆದು ಮುಗಿಸುವವರೆಗೂ ಅಮ್ಮ ಆ ಕಾಯಿ ಹಿಡಿದುಕೊಂಡೇ ಇದ್ದಳು. ಅಲಸಂದೆ ಎಂದು ಅಪ್ಪ ಆಮೇಲೆ ಹೇಳಿದರು. ಕನ್ನಡದ ಟೀಚರಿಗೆ ಅಲಸಂದೆ ಮರೆತುಹೋಯಿತು ಎಂದು ಅಮ್ಮ ತನ್ನಷ್ಟಕ್ಕೆ ಹೇಳಿಕೊಂಡು ಹೆಚ್ಚುವುದನ್ನು ಮುಂದುವರಿಸಿದಳು. ಅವತ್ತಿನ ಪಲ್ಯಕ್ಕೆ ಉಪ್ಪು ಹಾಕಿರಲಿಲ್ಲ, ನಾವಿಬ್ಬರೂ ಹೇಳದೆ ತಿಂದೆವು.

ನೊಖ್‌ಗೆ ಕೊನೆಗೆ ಬೇರೆಯದೇ ಒಂದು ಡಬ್ಬಿ ಬೇಕಾಯಿತು. ಈ ಒಂದು ಮಾತಿಗೇ ನಮ್ಮ ಸಂಸಾರವೆಲ್ಲ ಖರ್ಚಾಗಿಹೋಯಿತು ಎಂದು ಅಮ್ಮ ಗೊಣಗುತ್ತಿದ್ದುದು ಸುಳ್ಳಲ್ಲ. ಈಗ ಅವನ್ನು ಒಟ್ಟಿಗೆ ಓದುವಾಗ ಸಂಕಟವಾಗುತ್ತದೆ. ಕಾಗದ ಇನ್ನೂ ಬಂದಿಲ್ವಾ, ಸ. ಇನ್ನೂ ಎಷ್ಟು ದಿನ ಅಂತ ಇಲ್ಲಿರೋದು, ಸ. ಇನ್ನೊಂದ್ಸಲ ಅರ್ಜಿ ಹಾಕಿ ನೋಡಿ, ಸ. ಇವಳು ಇನ್ನೂ ಕನ್ನಡ ಮರ್ತಿಲ್ಲ ತಾನೇ, ಸ. ಒಂದಾದ ಮೇಲೊಂದು, ಬರೀ ಕೇಳಿದ್ದೇ. ಯಾರೂ ಉತ್ತರ ಕೊಟ್ಟದ್ದು ಯಾವ ಕಾರ್ಡಿನಲ್ಲೂ ಇಲ್ಲ.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಕಾರ್ಡು ಓದುವ ಶಾಸ್ತ್ರ. ನನಗೆ ಕನ್ನಡ ಓದಲು ಬರೆಯಲು ಕಲಿಸಲಿಕ್ಕೆಂದು ಅಮ್ಮ ಮಾಡಿದ ಏರ್ಪಾಡು ಅದು, ಶಾಲೆಯಲ್ಲಿ ಕನ್ನಡ ಇರಲಿಲ್ಲವಲ್ಲ. ಶನಿವಾರ ಮಧ್ಯಾಹ್ನ ಅವಳು ಡಬ್ಬಿ ಇಳಿಸಿ, ಧೂಳು ಒರೆಸಿ, ಇಪ್ಪತ್ತು ಕಾರ್ಡು ಆರಿಸಿ ರಬ್ಬರ್ ಬ್ಯಾಂಡ್ ಹಾಕಿ ಮೇಜಿನ ಮೇಲಿಡುತ್ತಿದ್ದಳು. ಭಾನುವಾರ ವರಾಂಡದಲ್ಲಿ ಅಪ್ಪ ಬೆತ್ತದ ಕುರ್ಚಿಯಲ್ಲಿ ಕೂರುವರು, ಅಮ್ಮ ಕೆಳಗೆ ಈಳಿಗೆ ಮಣೆಯ ಮುಂದೆ, ನಾನು ನಡುವೆ ಚಾಪೆಯ ಮೇಲೆ. ಒಂದೊಂದೇ ಕಾರ್ಡನ್ನು ಗಟ್ಟಿಯಾಗಿ ಓದಬೇಕು. ಜರ್ಮನ್ ತಪ್ಪಿದರೆ ಅಪ್ಪ ತಿದ್ದುವರು, ಕನ್ನಡ ತಪ್ಪಿದರೆ ಅಮ್ಮ ತಲೆಯೆತ್ತದೆ ‘ಇನ್ನೊಂದ್ಸಲ’ ಎನ್ನುವಳು. ಓದಿದ ಮೇಲೆ ಅವನ್ನೆಲ್ಲ ಹೊಸ ಕಾರ್ಡಿಗೆ ದುಂಡಗೆ ಬರೆಯಬೇಕು. ನನ್ನ ಅಕ್ಷರ ಇವತ್ತಿಗೂ ಅಪ್ಪನ ಅಕ್ಷರದ ಹಾಗೇ ಇದೆ. ಮನೆಯಲ್ಲಿ ಮೂರು ಜನವೂ ಒಂದು ಕಡೆ ಕೂರುತ್ತಿದ್ದುದು ಅದೊಂದೇ ಹೊತ್ತು. ಅಮ್ಮನ ಸ್ವರ ಸ್ಕೂಲಿನ ಸ್ವರವಾಗುತ್ತಿದ್ದುದೂ ಆಗ ಮಾತ್ರ.

ನನಗೆ ಹನ್ನೆರಡು ವರ್ಷ, ಅಮ್ಮನ ರಜೆಯ ಐದನೆಯ ವರ್ಷ. ಆ ಬೇಸಿಗೆಯಲ್ಲಿ ಮೈಸೂರಿಗೆ ಚಿಕ್ಕಮ್ಮನ ಮನೆಗೆ ಹೋಗಿದ್ದೆವು. ಊಟದ ಹೊತ್ತಿಗೆ ನಾನು ‘ನಂಗೆ ವಿಶಪ್ಪು ಆಗ್ತಿದೆ’ ಎಂದುಬಿಟ್ಟೆ. ಹಸಿವು ಎನ್ನುವ ಮಾತು ಆ ಗಳಿಗೆಗೆ ಬರಲಿಲ್ಲ, ಮಲಯಾಳದ್ದು ಬಂತು. ಚಿಕ್ಕಮ್ಮನ ಮಕ್ಕಳು ಬಿದ್ದು ಬಿದ್ದು ನಕ್ಕರು. ಇದ್ದ ಹದಿನೈದು ದಿನವೂ ನನ್ನನ್ನು ‘ವಿಶಪ್ಪು’ ಎಂದೇ ಕರೆದರು. ಬೀದಿಯ ಮಕ್ಕಳಿಗೂ ಹೇಳಿಕೊಟ್ಟರು. ಒಂದು ದಿನ ಅಮ್ಮ ನನ್ನನ್ನು ತನ್ನ ಸ್ಕೂಲಿಗೆ ಕರೆದುಕೊಂಡು ಹೋಗಿ, ಕಿಟಕಿಯ ಸರಳು ಹಿಡಿದು ತೋರಿಸಿದಳು, ಅದೇ ನನ್ನ ಕ್ಲಾಸು, ಬರುವ ವರ್ಷ ನೀನೂ ಇಲ್ಲೇ ಓದುತ್ತೀಯ ಎಂದು. ಅವಳ ಮುಖ ಅಷ್ಟು ಹಗುರಾಗಿದ್ದುದನ್ನು ನಾನು ಮೊದಲು ನೋಡಿರಲಿಲ್ಲ. ಶ್ರೀಕಾರ್ಯಂನಲ್ಲಿ ನಾನು ಕ್ಲಾಸಿಗೇ ಮೊದಲು, ನನ್ನ ಗೆಳತಿ ಬೀನಾ ಅಲ್ಲಿದ್ದಳು, ಚೇಚಿ ಇದ್ದಳು. ಇಲ್ಲಿ ನಾನು ವಿಶಪ್ಪು. ದೇವರೇ ಆ ವರ್ಗ ಬಾರದಿರಲಿ ಎಂದು ಕಿಟಕಿಯ ಹತ್ತಿರವೇ ಬೇಡಿಕೊಂಡೆ.

ವಾಪಸು ಬಂದ ಮೇಲೆ ಅಮ್ಮ ಕ್ಯಾಲೆಂಡರಿನಲ್ಲಿ ತಿಂಗಳು ಹೊಡೆದುಹಾಕತೊಡಗಿದಳು. ಅಪ್ಪನ ಸಂಸ್ಥೆಯಲ್ಲಿ ಪಾಟೀಲ ಅಂಕಲ್ ಎಂದು ಧಾರವಾಡದ ಕಡೆಯ ವಿಜ್ಞಾನಿಯೊಬ್ಬರಿದ್ದರು, ಅಪ್ಪನ ಒಬ್ಬನೇ ಕನ್ನಡ ಸ್ನೇಹಿತ. ಭಾನುವಾರ ಸಂಜೆ ಬಂದರೆ ಎರಡು ಲೋಟ ಚಹಾ ಕುಡಿಯದೆ ಏಳುವವರಲ್ಲ. ಆ ಸಲ ಬಂದವರು ಅಮ್ಮನ ಮುಖವನ್ನೇ ನೋಡಲಿಲ್ಲ. ಮೈಸೂರಿನದು ಏನಾದರೂ ಸುದ್ದಿ ಇದೆಯೇ ಎಂದು ಅಮ್ಮ ಕೇಳಿದ್ದಕ್ಕೆ ‘ಸರ್‌ಗೇ ಕೇಳ್ರೀ ವೈನಿ, ನನಗೇನ್ ಗೊತ್ತಾಗ್ತೈತ್ರೀ’ ಎಂದು ಒಂದೇ ಲೋಟಕ್ಕೆ ಎದ್ದು ಹೋದರು.

ಅದರ ಮುಂದಿನ ಭಾನುವಾರ ಎಂದಿನಂತೆ ಓದಲು ಕೂತೆ. ಐದು ಕಾರ್ಡು ಓದಿ ಆರನೆಯದನ್ನು ಎತ್ತಿಕೊಂಡೆ. ಅಪ್ಪನ ಅಕ್ಷರ, ಜರ್ಮನ್ ಸಾಲು ಮೇಲೆ, ಕನ್ನಡ ಕೆಳಗೆ. ‘ಮೈಸೂರಿನ ಆರ್ಡರು ಬಂದು ಹತ್ತು ದಿನ ಆಯ್ತು. ಸರೋಜಾಗೆ ಇನ್ನೂ ಹೇಳಿಲ್ಲ. ನಾ, ಕ್ಯಾಂಟೀನು, ಪಾಟೀಲರಿಗೆ.’

ಅಪ್ಪ ಎಂಥ ಮನುಷ್ಯ ನೋಡಿ. ಹೆಂಡತಿಯಿಂದ ಮುಚ್ಚಿಟ್ಟದ್ದನ್ನು ನಿಘಂಟಿನಿಂದ ಮುಚ್ಚಿಡಲು ಅವರ ಕೈಯಲ್ಲಾಗಲಿಲ್ಲ. ಆಡಿದ ಮಾತು, ಅದರಲ್ಲೂ ನೊಖ್ ಇರುವ ಮಾತು, ಬರೆಯದೆ ಬಿಡುವುದು ಅವರ ಪಾಲಿಗೆ ಪಾಪ. ಡಬ್ಬಿಯ ತಳಕ್ಕೆ ತಳ್ಳಿ ಇಟ್ಟಿರಬೇಕು, ಕಾರ್ಡು ನಮ್ಮ ಕೈಗೆ ಬರುವಷ್ಟರಲ್ಲಿ ಹೇಳಿಬಿಟ್ಟರಾಯಿತು ಎಂದುಕೊಂಡು. ಮೈಸೂರಿನಲ್ಲಿ ಅವರಿಗೆ ಕೊಟ್ಟಿದ್ದು ಬರೀ ಕಚೇರಿ ಕೆಲಸ, ಅಲ್ಲಿ ಜರ್ಮನ್ ಇರಲಿಲ್ಲ, ಆ ದೊಡ್ಡ ಕೋಶ ಇರಲಿಲ್ಲ ಎನ್ನುವುದೆಲ್ಲ ನನಗೆ ಎಷ್ಟೋ ವರ್ಷದ ಮೇಲೆ ಪಾಟೀಲ ಅಂಕಲ್ ಹೇಳಿ ತಿಳಿದದ್ದು. ಅವತ್ತು ನನಗೆ ಗೊತ್ತಾದದ್ದು ಇಷ್ಟೇ: ಇದನ್ನು ಗಟ್ಟಿಯಾಗಿ ಓದಿದರೆ ನಾವು ಮೈಸೂರಿಗೆ ಹೋಗುತ್ತೇವೆ. ಓದದಿದ್ದರೆ ಇಲ್ಲ.

ಅಪ್ಪ ಯಾಕೆ ನಿಲ್ಲಿಸಿದೆ ಎಂದರು. ಅವರ ಕುರ್ಚಿಗೆ ಕಾರ್ಡಿನ ಬೆನ್ನು ಮಾತ್ರ ಕಾಣುತ್ತಿತ್ತು. ಎರಡು ಅಂಟಿಕೊಂಡಿವೆ ಎಂದು ಹೇಳಿ ನಾನು ಅದನ್ನು ತೊಡೆಯ ಕೆಳಗೆ ಸರಿಸಿ ಏಳನೆಯದನ್ನು ಓದಿದೆ. ‘ಇನ್ನು ಸ್ವಲ್ಪ ಹುಳಿ ಬೇಕಾ, ಸ.’ ಈಳಿಗೆಯ ಸದ್ದು ನಿಂತಿತ್ತು. ಅಮ್ಮ ಏಕೋ ‘ಇನ್ನೊಂದ್ಸಲ’ ಎನ್ನಲಿಲ್ಲ, ನಾನು ‘ಇನ್ನೂ’ವನ್ನು ‘ಇನ್ನು’ ಎಂದು ತಪ್ಪಾಗಿಯೇ ಓದಿದ್ದೆ. ಹಾಲು ಉಕ್ಕುತ್ತದೆ ಎಂದು ಎದ್ದು ಒಳಗೆ ಹೋದಳು. ಹಾಲು ಬೆಳಿಗ್ಗೆಯೇ ಕಾಯಿಸಿಟ್ಟಾಗಿತ್ತು. ಅದು ನನಗೆ ಹೊಳೆಯಲಿಲ್ಲ, ತೊಡೆಯ ಕೆಳಗಿನ ಕಾರ್ಡಿನ ಮೇಲೇ ಜೀವವೆಲ್ಲ ಇತ್ತು. ಆಮೇಲೆ ಅದನ್ನು ನನ್ನ ಕಂಪಾಸ್ ಬಾಕ್ಸಿನ ತಳದಲ್ಲಿ, ಕಾಗದದ ಅಡಿಯಲ್ಲಿ ಇಟ್ಟೆ.

ಮುಂದಿನ ವಾರಗಳಲ್ಲಿ ನಾನು ಅಪ್ಪನ ಬಾಯನ್ನೇ ನೋಡುತ್ತಿದ್ದೆ. ಇವತ್ತು ಹೇಳುತ್ತಾರೆ, ಇವತ್ತು ಹೇಳುತ್ತಾರೆ ಎಂದು ಹೆದರಿಕೆ. ಹೇಳಲಿಲ್ಲವೆಂದರೆ ಸಮಾಧಾನ, ಅದರ ಹಿಂದೆಯೇ ಅಸಹ್ಯ. ಒಂದು ದಿನ ಅವರು ನನ್ನೊಬ್ಬಳನ್ನೇ ಕರೆದು ನೊಖ್ ಡಬ್ಬಿಯಲ್ಲಿ ಒಂದು ಕಾರ್ಡು ಕಡಿಮೆಯಾದಂತಿದೆ, ನೋಡಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ಅವರು ನನ್ನ ಮುಖ ನೋಡಿದರು, ನಾನು ಅವರ ಕಿವಿಯ ಮೇಲಿನ ಪೆನ್ಸಿಲ್ ನೋಡಿದೆ. ಸರಿ ಎಂದು ಹೋದರು. ಅವರಿಗೆ ಗೊತ್ತಾಯಿತು ಎಂದೇ ನನ್ನ ಎಣಿಕೆ. ಅವತ್ತಿನಿಂದ ನಾವಿಬ್ಬರೂ ಒಂದೇ ಕಳ್ಳತನದ ಪಾಲುದಾರರಂತೆ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಓಡಾಡಿದೆವು.

ಆರ್ಡರಿಗೆ ಮೂರು ತಿಂಗಳ ಗಡುವು ಇತ್ತಂತೆ. ಅದು ಕಳೆದುಹೋಯಿತು. ಅಮ್ಮನ ರಜೆಯೂ ಮುಗಿಯಿತು. ಸ್ಕೂಲಿನಿಂದ ಬಂದ ಲಕೋಟೆಯನ್ನು ಅವಳು ಮೆಟ್ಟಿಲ ಮೇಲೆ ನಿಂತೇ ಒಡೆದು ಓದಿದಳು. ಕೆಳಗಿನಿಂದ ಚೇಚಿ ಏನಾಯಿತು ಎಂದು ಕೇಳಿದಳು. ಅಮ್ಮ ಆವರೆಗೆ ಮಲಯಾಳ ಅರ್ಥ ಮಾಡಿಕೊಳ್ಳುತ್ತಿದ್ದಳೇ ಹೊರತು ಆಡಿದವಳಲ್ಲ.

“ಸಾರಮಿಲ್ಲ ಚೇಚೀ,” ಎಂದಳು.

ಅದರ ಮರುವಾರ ಟ್ರಂಕು ತೆರೆದಳು. ಸೀರೆಗಳನ್ನು ಬಿಸಿಲಿಗೆ ಹಾಕಲಿಲ್ಲ. ಚೇಚಿಯ ಹೊಲಿಗೆ ಮೆಷೀನು ಕೇಳಿ ತಂದು, ಒಂದೊಂದೇ ಸೀರೆ ಕತ್ತರಿಸಿ, ಅಪ್ಪನ ಡಬ್ಬಿಗಳಿಗೆಲ್ಲ ಗವಸು ಹೊಲಿದಳು. ಇಲ್ಲಿಯ ತೇವಕ್ಕೆ ತಗಡು ತುಕ್ಕು ಹಿಡಿಯುತ್ತಿತ್ತು, ಕಾರಣಕ್ಕೇನು ಕೊರತೆ. ನೊಖ್ ಡಬ್ಬಿಗೆ ನೀಲಿ ಅಂಚಿನ ಬಿಳಿ ಸೀರೆ. ಅಪ್ಪ ಗವಸು ಮುಟ್ಟಿ ನೋಡಿ ಚೆನ್ನಾಗಿದೆ ಎಂದರು. ಆ ರಾತ್ರಿ ಅವರು ಊಟ ಮಾಡಲಿಲ್ಲ. ಭಾನುವಾರದ ಓದು ಅದರ ನಂತರವೂ ನಡೆಯಿತು, ಆದರೆ ಅಮ್ಮ ‘ಇನ್ನೊಂದ್ಸಲ’ ಎನ್ನುವುದನ್ನು ಬಿಟ್ಟುಬಿಟ್ಟಳು. ತಪ್ಪೋ ಸರಿಯೋ ಓದಿದ್ದು ಓದಿದ ಹಾಗೆ ಹೋಗುತ್ತಿತ್ತು.

ಆಮೇಲೆ ಹೇಳುವಂಥದ್ದೇನಿಲ್ಲ. ಅಪ್ಪ ಕಡೆಯ ಅಕ್ಷರದವರೆಗೂ ಹೋಗಿ ಮುಟ್ಟಿದರು, ಯಾರೂ ಅಚ್ಚು ಹಾಕಲಿಲ್ಲ. ನಿವೃತ್ತರಾದ ಮೇಲೂ ನಾವು ಇಲ್ಲೇ ಉಳಿದೆವು, ನನ್ನ ಮದುವೆ, ಕೆಲಸ ಎಲ್ಲ ಇಲ್ಲೇ. ಹೋದ ವರ್ಷ ಅಪ್ಪ ತೀರಿಕೊಂಡರು. ಮೈಸೂರಿನಲ್ಲಿ ಭಾಷೆಯ ಪಾಠ ಮಾಡುವ ಒಬ್ಬಾಕೆ, ಕಾರ್ಡುಗಳನ್ನು ಜೋಡಿಸಿ ಕೊಟ್ಟರೆ ಇಟ್ಟುಕೊಳ್ಳುತ್ತೇವೆ ಎಂದು ಬರೆದಿದ್ದಾರೆ. ಅಂದರೆ ಐವತ್ತಕ್ಕೂ ಹೆಚ್ಚು ಡಬ್ಬಿಗಳು ಮೈಸೂರಿಗೆ ಹೋಗುತ್ತವೆ, ಸ್ಕೂಲಿನ ಸೀರೆ ಉಟ್ಟುಕೊಂಡು. ಮೂವತ್ತು ವರ್ಷ ಕಂಪಾಸ್ ಬಾಕ್ಸಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಬೀರುವಿಗೆ ನಾನು ಸಾಗಿಸಿಕೊಂಡು ಬಂದಿದ್ದ ಆ ಒಂದು ಕಾರ್ಡನ್ನು ಏನು ಮಾಡುವುದು ಎಂದು ವಾರವಿಡೀ ಒದ್ದಾಡಿದೆ. ಹರಿದು ಹಾಕಲು ಕೈ ಬರಲಿಲ್ಲ. ಅಪ್ಪನ ಮಗಳಲ್ಲವೇ. ಕೊನೆಗೆ ಕಳೆದ ಭಾನುವಾರ ಬೆಳಿಗ್ಗೆ ಅದನ್ನು ಅಮ್ಮನ ಮುಂದೆ ಇಟ್ಟೆ. ಎಪ್ಪತ್ತೈದು ದಾಟಿದ್ದಾಳೆ, ಈಳಿಗೆ ಬಿಟ್ಟು ಚಾಕು ಹಿಡಿದಿದ್ದಾಳೆ, ಪಯರ್ ಹೆಚ್ಚುತ್ತಿದ್ದಳು. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು.

“ಇದನ್ನ ಎಲ್ಲಿ ಇಟ್ಕೊಂಡಿದ್ದೆ ಇಷ್ಟು ದಿನ?” ಎಂದು ಕೇಳಿದಳು.

ನನ್ನ ಹತ್ತಿರ ಇತ್ತು ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಆ ಕಾರ್ಡು ಶನಿವಾರ ಡಬ್ಬಿ ಒರೆಸುವಾಗ ಅವಳಿಗೇ ಸಿಕ್ಕಿತ್ತಂತೆ. ತಳದಿಂದ ತೆಗೆದು ಆರನೆಯದಾಗಿ ಕಟ್ಟಿನೊಳಗೆ ಸೇರಿಸಿದ್ದು ಅವಳೇ. ಮಗಳು ಓದುತ್ತಾಳೆ, ಅವರೆದುರಿಗೇ ಗಟ್ಟಿಯಾಗಿ ಓದುತ್ತಾಳೆ, ಆಮೇಲೆ ಏನಾಗುತ್ತದೋ ಆಗಲಿ ಎಂದು ಕಾದು ಕೂತಿದ್ದಳಂತೆ. ಇದನ್ನೆಲ್ಲ ಅವಳು ಪಯರ್ ಮುರಿಯುತ್ತಾ, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು. ನೀನೇ ಯಾಕೆ ಕೇಳಲಿಲ್ಲ ಎಂದೆ.

“ನಾನು ಕೇಳಿದ್ರೆ ಅವರು ಪೆನ್ಸಿಲ್ ತಗೋತಿದ್ರು ಕಣೇ.”

ಇನ್ನೊಂದು ಪಯರ್ ಎತ್ತಿಕೊಂಡು ಮತ್ತೆ ಹೇಳಿದಳು.

“ನೀನು ತೊಡೆ ಕೆಳಗೆ ತಳ್ಳಿದ್ದು ನೋಡ್ದೆ. ಅವರಿಗೂ ಬೇಡ, ನಿನಗೂ ಬೇಡ. ಇನ್ನು ಯಾರಿಗೆ ಅಂತ ಹೋಗೋದು ಅನ್ನಿಸ್ತು. ಸುಮ್ಮನಾದೆ.”

ತಪ್ಪಾಯಿತು ಅಮ್ಮ ಎಂದೆ. ಹನ್ನೆರಡು ವರ್ಷದವಳು ತಾನೇ ಎಂದು ಅವಳು ಹೇಳಬಹುದೆಂದು ಕಾದೆ, ಸಾರಮಿಲ್ಲ ಎಂದಾದರೂ ಹೇಳಬಹುದೆಂದು ಕಾದೆ. ಅವಳು ಕಾರ್ಡನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದಳು.

“ಓದು.”

ಓದಿದೆ. ‘ಮೈಸೂರಿನ ಆರ್ಡರು ಬಂದು ಹತ್ತು ದಿನ ಆಯ್ತು. ಸರೋಜಾಗೆ ಇನ್ನೂ ಹೇಳಿಲ್ಲ.’ ನನ್ನ ದನಿ ನನಗೇ ಕೇಳಿಸುವಂತಿರಲಿಲ್ಲ. ಅಮ್ಮ ಚಾಕುವನ್ನು ಕೆಳಗಿಟ್ಟಳು. ವರಾಂಡದ ಮೂಲೆಯಲ್ಲಿ ಬೆತ್ತದ ಕುರ್ಚಿ ಹಾಗೇ ಇದೆ, ನಾವಿನ್ನೂ ಅದನ್ನು ಎತ್ತಿ ಇಟ್ಟಿಲ್ಲ. ಅವಳು ಅದರ ಕಡೆ ಗದ್ದ ತೋರಿಸಿದಳು.

“ಇನ್ನೊಂದ್ಸಲ,” ಎಂದಳು, ಸ್ಕೂಲಿನ ಸ್ವರದಲ್ಲಿ. “ಆ ಕಡೆ ತಿರುಗ್ಕೊಂಡು ಓದು. ಗಟ್ಟಿಯಾಗಿ.”

ನಾನು ಕುರ್ಚಿಯ ಕಡೆಗೆ ತಿರುಗಿ ಕೂತು ಓದಿದೆ.